ಸರ್ವೆಗೆ ಬಂದೀರೇನು ಮೇಡಂ?

ಕೇಳಿದವರಿಗೆ ಅರವತ್ತರ ಆಸುಪಾಸು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಕುಡುಗೋಲು. ನಾನು ಸೂಳೆಕೆರೆಯ ಹಿನ್ನೀರಿನ ಕಡೆ ಒಂದು ಕಲ್ಲಿನ ಮೇಲೆ ಕೂತು, ಹಲಗೆಗೆ ಕಾಗದ ಅಂಟಿಸುತ್ತಿದ್ದೆ. ಸ್ಕೂಟರ್ ಸದ್ದು ಕೇಳಿಯೇ ತೋಟದಿಂದ ಬಂದಿರಬೇಕು.

"ಇಲ್ಲ ಯಜಮಾನ್ರೇ, ಚಿತ್ರ ಬರೆಯೋಕೆ ಬಂದಿದೀನಿ."

"ಮತ್ತೆ ಹಲಗೆ ಐತೆ, ಹಾಳೆ ಐತೆ, ಟೇಪೂ ಐತಲ್ಲ?"

"ಇದು ಅಳತೆ ಟೇಪಲ್ಲ, ಅಂಟಿಸೋದು." ಒಂದು ಗೇಣು ಹರಿದು ತೋರಿಸಿದೆ. ಬೆರಳಿಗೆ ಅಂಟಿಸಿಕೊಂಡು ನೋಡಿದರು. ಅರ್ಧ ನಂಬಿದಂತೆ ಕಂಡಿತು.

"ಬರೀರಿ, ಬರೀರಿ. ಕೆರೆ ಬರೀರಿ, ಗುಡ್ಡ ಬರೀರಿ. ಆದ್ರೆ ನಮ್ಮ ಅಡಿಕೆ ಗಿಡ ಮಾತ್ರ ಬರೀಬೇಡ್ರಿ."

ಅವರ ಅಡಿಕೆ ಸಾಲು ನೇರವಾಗಿ ಕೆರೆಯಂಗಳಕ್ಕೆ ಇಳಿದಿತ್ತು. ಯಾಕೆ ಬೇಡ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಇದು 2023ರ ನವೆಂಬರ್.

ನಾನು ದಾವಣಗೆರೆಯ ಒಂದು ಹೈಸ್ಕೂಲಲ್ಲಿ ಡ್ರಾಯಿಂಗ್ ಟೀಚರ್. ತವರು ಚಿತ್ರದುರ್ಗ. ದುರ್ಗದಲ್ಲಿ ಹುಟ್ಟಿದವರಿಗೆ ನೀರು ಅಂದರೆ ಮೊದಲು ನೆನಪಾಗೋದು ಸಾಲಾಗಿಟ್ಟ ಕೊಡ. ಆಮೇಲೆ ಕೋಟೆಯ ಹೊಂಡ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ನೀರು ಇಳಿಯುವ ಹಾಗೆ ಪಾಳೆಯಗಾರರ ಕಾಲದವರು ಮಾಡಿಟ್ಟಿದ್ದಾರೆ. ಬಂಡೆಯ ಮೇಲೆ ಬಿದ್ದ ಒಂದು ಹನಿಯನ್ನೂ ಸುಮ್ನೆ ಹೋಗೋಕೆ ಬಿಡದ ಜನ.

ಕಾಲೇಜು ಮುಗಿಸಿ ಹದಿನೈದು ವರ್ಷ ನಾನು ಬರೆದದ್ದೆಲ್ಲ ಇಂಥ ನೀರೇ. ಕೋಟೆಯ ಹೊಂಡಗಳು, ಸಂತೇಬೆನ್ನೂರಿನ ಪುಷ್ಕರಣಿ. ಪುಷ್ಕರಣಿಯನ್ನಂತೂ ಕಣ್ಣು ಮುಚ್ಚಿ ಬರೆಯಬಲ್ಲೆ. ನಡುವೆ ವಸಂತ ಮಂಟಪ, ಸುತ್ತ ಮೆಟ್ಟಿಲು, ಕೆಳಗೆ ಅದರ ನೆರಳು. ಗೃಹಪ್ರವೇಶಕ್ಕೆ ಉಡುಗೊರೆ ಕೊಡೋಕೆ ಜನ ಕೊಳ್ಳುತ್ತಿದ್ದರು. ಫ್ರೇಮಿನ ಖರ್ಚು ಕಳೆದು ಸ್ವಲ್ಪ ಉಳಿಯುತ್ತಿತ್ತು. ಚೆನ್ನಾಗಿ ನೀರು ಬರೀತಾಳೆ ಅನ್ನುವ ಹೆಸರೂ ಇತ್ತು. ನಾನೂ ಅದನ್ನು ನಂಬಿಕೊಂಡಿದ್ದೆ.

ಆ ನಂಬಿಕೆಗೆ ಮೊದಲ ಏಟು ಬಿದ್ದದ್ದು 2022ರ ಸೆಪ್ಟೆಂಬರಲ್ಲಿ. ಹಿರಿಯೂರಿನ ಮಾರಿಕಣಿವೆ ಕೋಡಿ ಬಿದ್ದಿತ್ತು. ವಾಣಿವಿಲಾಸ ಸಾಗರ ಅನ್ನೋದು ಕಾಗದದ ಮೇಲಿನ ಹೆಸರು, ನಮ್ಮ ಕಡೆ ಎಲ್ಲರ ಬಾಯಲ್ಲೂ ಮಾರಿಕಣಿವೆಯೇ. ವೇದಾವತಿಗೆ ಮೈಸೂರು ಅರಸರು ಕಟ್ಟಿಸಿದ ಅಣೆಕಟ್ಟು ಅದು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ 89 ವರ್ಷ ತುಂಬಿ ಹರಿದೇ ಇರಲಿಲ್ಲ. ಜಾತ್ರೆಗೆ ಹೋಗುವ ಹಾಗೆ ಜನ ಹೋದರು. ನಾನೂ ಹೋದೆ, ಬಣ್ಣದ ಪೆಟ್ಟಿಗೆ ಹೊತ್ತುಕೊಂಡು. ಕೋಡಿಯ ಹತ್ತಿರ ಕಾಲಿಡೋಕೆ ಜಾಗ ಇಲ್ಲ. ಹೇಗೋ ದೂರದ ಒಂದು ದಿಬ್ಬದ ಮೇಲೆ ಕೂತು ಬರೆದೆ. ಬರೆದು ನೋಡಿದರೆ ಒಂದು ನೀಲಿ ಚಾದರ ಹಾಸಿದ ಹಾಗಿತ್ತು. ಅಷ್ಟು ನೀರು ಕಣ್ಣೆದುರಿಗಿದೆ, ಹಾಳೆಯ ಮೇಲೆ ನೀರೇ ಇಲ್ಲ. ಮೆಟ್ಟಿಲಿಲ್ಲ, ಮಂಟಪವಿಲ್ಲ, ಕೈಗೆ ಹಿಡಿಯೋಕೆ ಏನೂ ಸಿಗಲಿಲ್ಲ. ಜನ ಜಾಸ್ತಿ ಇದ್ದರು, ಅದಕ್ಕೇ ಆಗಲಿಲ್ಲ ಅಂತ ಮನೆಯಲ್ಲಿ ಸಬೂಬು ಹೇಳಿದೆ.

ಎರಡನೇ ಏಟು ಇನ್ನೂ ಹತ್ತಿರದ್ದು. ದಾವಣಗೆರೆ ಪಕ್ಕದ ಒಂದು ಹಳ್ಳಿಯಲ್ಲಿ ಹುಡುಗರು ಸೇರಿ ಭಾನುವಾರ ಭಾನುವಾರ ಕೆರೆ ಸ್ವಚ್ಛ ಮಾಡುತ್ತಿದ್ದರು. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. "ಟೀಚರ್, ಏರಿ ಹತ್ರ ಹಾಕೋಕೆ ಒಂದು ದೊಡ್ಡ ಬೋರ್ಡ್ ಬರೆದುಕೊಡಿ" ಅಂದರು. ಉತ್ಸಾಹದಿಂದ ಬರೆದೆ. ನೀಲಿ ನೀರು, ಬಿಳಿ ಕೊಕ್ಕರೆ, ತಾವರೆ, ದೂರದಲ್ಲಿ ತೆಂಗು. ಬೋರ್ಡ್ ನಿಲ್ಲಿಸಿದ ದಿನ ಊರಿನ ಹಳೆಯ ನೀರುಗಂಟಿ ಬಂದು ನಿಂತರು. ತೂಬು ಎತ್ತಿ ಇಳಿಸಿ ಮುದುಕರಾದ ಮನುಷ್ಯ. ಬಹಳ ಹೊತ್ತು ನೋಡಿದರು.

"ಚೆಂದ ಐತವ್ವ. ಇದು ಯಾವೂರ ಕೆರಿ?"

ಹುಡುಗರು ಬಿದ್ದು ಬಿದ್ದು ನಕ್ಕರು. ಅಜ್ಜ ತಮಾಷೆ ಮಾಡುತ್ತಿರಲಿಲ್ಲ, ನಿಜಕ್ಕೂ ಕೇಳಿದ್ದರು. ಅವರ ಕೆರೆಯ ನೀರು ಯಾವತ್ತೂ ನೀಲಿ ಇರಲಿಲ್ಲ. ಮಳೆಗಾಲದಲ್ಲಿ ಹಾಲು ಹಾಕಿದ ಟೀ ಬಣ್ಣ, ಬೇಸಿಗೆಯಲ್ಲಿ ಹಸಿರು. ತಾವರೆ ಹೋಗಿ ಎಷ್ಟೋ ವರ್ಷ ಆಗಿತ್ತು. ಆಗ ಇದ್ದದ್ದು ಅಂತರಗಂಗೆ ಅನ್ನುವ ತೇಲುವ ಕಳೆ, ಏರಿಯಿಂದ ಆಚೆ ದಡದವರೆಗೆ.

ಆ ರಾತ್ರಿ ಹಳೆಯ ಚಿತ್ರಗಳನ್ನೆಲ್ಲ ಹರಡಿಕೊಂಡು ಕೂತೆ. ನಾನು ನೀರು ಬರೆದೇ ಇರಲಿಲ್ಲ. ಕಲ್ಲು ಬರೆದಿದ್ದೆ. ಪುಷ್ಕರಣಿಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಅನ್ನೋದನ್ನು ಮೆಟ್ಟಿಲು ಹೇಳಿಬಿಡುತ್ತದೆ. ಕೆರೆಗೆ ಅಂಥ ಗೆರೆ ಇಲ್ಲ. ಅದರ ಅಂಚು ಇವತ್ತು ಇಲ್ಲಿದ್ದರೆ ಮುಂದಿನ ತಿಂಗಳು ಇನ್ನೆಲ್ಲೋ.

ಅಂಚನ್ನೇ ಬರೆಯೋಣ ಅಂದುಕೊಂಡೆ. ಒಂದೇ ಜಾಗ, ತಿಂಗಳಿಗೊಮ್ಮೆ, ಒಂದು ವರ್ಷ. ಜಾಗ ಯಾವುದು ಅಂತ ಯೋಚಿಸಬೇಕಾಗಲಿಲ್ಲ. ನಮ್ಮ ದುರ್ಗದ ನಲ್ಲಿಗೆ ಬರುವ ನೀರಿನಲ್ಲಿ ಸೂಳೆಕೆರೆಯದೂ ಇದೆ. ಅದನ್ನು ಕುಡಿದು ಬೆಳೆದು ಒಂದು ಚಿತ್ರ ಬರೆಯದಿದ್ದರೆ ಹೇಗೆ? ಹೆಸರು ಹೇಳೋಕೆ ಮುಜುಗರ ಪಡುವವರು ಶಾಂತಿಸಾಗರ ಅನ್ನುತ್ತಾರೆ. ಸುತ್ತಲ ಹಳ್ಳಿಯವರಿಗೆ ಅಂಥ ಮುಜುಗರವೇನೂ ಇಲ್ಲ. ಶಾಂತವ್ವ ಅನ್ನುವ ಹೆಣ್ಣುಮಗಳು ಕಟ್ಟಿಸಿದಳು ಅಂತ ಕಥೆ ಹೇಳುತ್ತಾರೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಏರಿ ಹಾಕಿ ಹರಿದ್ರಾ ಹೊಳೆಯನ್ನು ನಿಲ್ಲಿಸಿದ್ದಾರೆ. ಏರಿ ನೋಡಿದರೆ ಇಷ್ಟೇನಾ ಅನಿಸುತ್ತದೆ, ಹತ್ತಿ ನಿಂತು ಆಚೆ ನೋಡಿದರೆ ನೀರಿನ ಕೊನೆ ಕಾಣುವುದಿಲ್ಲ. ಸಿದ್ದ ತೂಬು, ಬಸವ ತೂಬು ಅಂತ ಎರಡು ತೂಬು. ಏರಿಯ ಮೇಲೆ ನಿಂತು ಎಲ್ಲರೂ ಫೋಟೊ ತೆಗೆಯುತ್ತಾರೆ. ನಾನು ಹಿನ್ನೀರಿನ ಕಡೆ ಹೋದೆ. ಏರಿಯ ಹತ್ತಿರ ನೀರಿನ ಅಂಚು ಹೆಚ್ಚು ಸರಿಯುವುದಿಲ್ಲ. ಹಿನ್ನೀರಲ್ಲಿ ಒಂದಡಿ ನೀರು ಇಳಿದರೆ ಅಂಚು ಎಷ್ಟೋ ಮಾರು ಹಿಂದೆ ಹೋಗುತ್ತದೆ.

ಅಲ್ಲೇ ಆ ಯಜಮಾನರು ಸಿಕ್ಕಿದ್ದು.

ಮೊದಲ ಮೂರು ಚಿತ್ರ ಹಾಳಾದವು. ಒಂದು ಗಾಳಿಗೆ. ಜಲವರ್ಣದಲ್ಲಿ ಹಾಳೆ ಒದ್ದೆ ಇರುವಾಗಲೇ ಒಂದು ಬಣ್ಣವನ್ನು ಇನ್ನೊಂದರೊಳಗೆ ಬಿಡಬೇಕು. ನಮ್ಮ ಬಯಲುಸೀಮೆ ಗಾಳಿಗೆ ಅಷ್ಟು ತಾಳ್ಮೆ ಎಲ್ಲಿ? ಆಕಾಶ ಬಳಿದು ಕೆಳಗೆ ಬರುವಷ್ಟರಲ್ಲಿ ಮೇಲ್ಗಡೆ ಒಣಗಿ ಗೆರೆ ಬಿದ್ದಿರುತ್ತಿತ್ತು. ಗಾಬರಿಯಲ್ಲಿ ಮತ್ತೆ ನೀರು ಸೋಕಿಸಿದರೆ ಹೂಕೋಸಿನಂಥ ಕಲೆ. ಎರಡನೆಯದರ ಮೇಲೆ ಎಮ್ಮೆಯೊಂದು ಸೀನಿತು, ಸುಳ್ಳಲ್ಲ. ಮೂರನೆಯದು ಹಾಳಾದದ್ದು ನನ್ನಿಂದಲೇ. ಅಭ್ಯಾಸ ಬಲ, ನೀರಿಗೆ ನೀಲಿ, ದಡಕ್ಕೆ ಕಂದು, ನಡುವೆ ಒಂದು ಗೆರೆ. ಹಾಳೆಯನ್ನು ಕಲ್ಲಿಗೆ ಒರಗಿಸಿ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿದೆ. ಕೆರೆಯನ್ನು ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಹಾಗೆ ಕಾಣಿಸಿತು.

ನಾಲ್ಕನೇ ಸಲ ಬ್ರಷ್ ಮುಟ್ಟಲೇ ಇಲ್ಲ. ಸುಮ್ನೆ ಒಂದು ಗಂಟೆ ಕೂತು ಅಂಚನ್ನೇ ನೋಡಿದೆ. ಒಣ ಮಣ್ಣು ತಿಳಿ, ಹೆಚ್ಚುಕಡಿಮೆ ಬೂದಿ ಬಣ್ಣ. ನೀರು ಆಕಾಶವನ್ನು ತೋರಿಸುವುದರಿಂದ ಅದೂ ತಿಳಿ. ಇವೆರಡರ ನಡುವೆ ಒಂದು ಮೊಳದಷ್ಟು ಅಗಲದ ಪಟ್ಟಿ ಇದೆ, ನೀರು ಈಗಷ್ಟೇ ಬಿಟ್ಟುಹೋದ ಹಸಿ ಮಣ್ಣು. ಇಡೀ ನೋಟದಲ್ಲಿ ಎಲ್ಲಕ್ಕಿಂತ ಕಪ್ಪಾದ ಜಾಗ ಅದೇ. ಅದರ ಮೇಲ್ಭಾಗ ಒಣಗುತ್ತಾ ತಿಳಿಯಾಗುತ್ತದೆ, ಕೆಳಭಾಗ ನೀರಿಗೆ ಜಾರುತ್ತದೆ. ಎಲ್ಲೂ ಗೆರೆ ಇಲ್ಲ. ಹದಿನೈದು ವರ್ಷ ನೀರಿನ ಮುಂದೆ ಕೂತವಳಿಗೆ ಈ ಪಟ್ಟಿ ಕಂಡಿರಲಿಲ್ಲ. ಮಕ್ಕಳಿಗೆ "ನೋಡಿ ಬರೀರಿ, ನೋಡಿ ಬರೀರಿ" ಅಂತ ದಿನಾ ಕಿರುಚುವವಳು ನಾನು!

ಆ ಪಟ್ಟಿಗೆ ಬಣ್ಣ ಹೊಂದಿಸೋಕೆ ಎರಡು ತಿಂಗಳು ಹಿಡಿಯಿತು. ಕೊನೆಗೆ ಒದಗಿದ್ದು ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು. ಎರಡನ್ನೂ ಧಾರಾಳ ನೀರಿನಲ್ಲಿ ಬೆರೆಸಿ ಹಾಳೆಗೆ ಬಿಟ್ಟು, ಹಲಗೆ ಓರೆ ಮಾಡಿ ಹಿಡಿಯುತ್ತೇನೆ. ಅಲ್ಟ್ರಾಮರೀನ್ ನೀರಲ್ಲಿ ಪೂರ್ತಿ ಕರಗುವ ಬಣ್ಣವಲ್ಲ. ಅದರ ಕಣಗಳು ನಿಧಾನಕ್ಕೆ ಇಳಿದು ಒರಟು ಹಾಳೆಯ ಗುಳಿಗಳಲ್ಲಿ ಕೂರುತ್ತವೆ. ಒಣಗಿದ ಮೇಲೆ ಮುಟ್ಟಿದರೆ ಮರಳಿದೆಯೇನೋ ಅನ್ನುವ ಹಾಗೆ ಕಾಣುತ್ತದೆ. ಕೆರೆಗೆ ಹೂಳು ಬರುವುದೂ ಹೀಗೇ ತಾನೇ? ಮೇಲಿನ ಹೊಲಗಳ ಮಣ್ಣು ಹರಿದು ಬರುತ್ತದೆ, ನೀರು ನಿಂತಲ್ಲಿ ತಳಕ್ಕೆ ಕೂರುತ್ತದೆ. ಬ್ರಷ್ ಆಡಿಸಿದಷ್ಟೂ ಕೆಡುತ್ತದೆ. ಕಣ ತಾನಾಗಿ ಕೂರುವವರೆಗೆ ಕೈ ಕಟ್ಟಿಕೊಂಡು ಕಾಯಬೇಕು.

2023ರಲ್ಲಿ ಮಳೆ ಕೈಕೊಟ್ಟಿತ್ತು. ಹಾಗಾಗಿ 2024ರ ಬೇಸಿಗೆಯಲ್ಲಿ ನಾನು ಬರೆದದ್ದು ನೀರಿಗಿಂತ ನೆಲವನ್ನೇ ಜಾಸ್ತಿ. ಫೆಬ್ರವರಿಯಲ್ಲಿ ಕಲ್ಲಿನಿಂದ ಐವತ್ತು ಹೆಜ್ಜೆಗೆ ನೀರು. ಮಾರ್ಚಲ್ಲಿ ಎಣಿಸುವುದನ್ನು ಬಿಟ್ಟೆ. ಏಪ್ರಿಲಲ್ಲಿ ಕಲ್ಲಿನ ಮೇಲೆ ಕೂತರೆ ನೀರು ದೂರದಲ್ಲಿ ಹೊಳೆಯುವ ತಗಡಿನ ಚೂರು. ನಡುವೆ ಬಿರುಕು ಬಿಟ್ಟ ಅಂಗಳ. ಅಂಚನ್ನು ಹುಡುಕಿಕೊಂಡು ನಡೆದುಹೋದೆ.

ಅರ್ಧ ದಾರಿಯಲ್ಲಿ ಟಿಟ್ಟಿಭವೊಂದು ತಲೆಯ ಮೇಲೆ ಬಂದು ಕಿರುಚಾಡತೊಡಗಿತು. ಒಂದು ಸಲ ತಲೆಗೆ ತಾಗುವಷ್ಟು ಕೆಳಕ್ಕೆ ಇಳಿಯಿತು. ಅದು ಯಾಕೆ ಹಾಗೆ ಮಾಡುತ್ತದೆ ಅಂತ ಗೊತ್ತಿದ್ದವಳು ನಿಂತುಬಿಟ್ಟೆ. ಬಗ್ಗಿ ನೋಡಿದರೆ ಏನೂ ಇಲ್ಲ, ಮಣ್ಣು, ಕಲ್ಲುಹರಳು, ಒಣಗಿದ ಸಗಣಿ ಚೂರು. ಇನ್ನೊಮ್ಮೆ ನೋಡಿದೆ. ಎಡಗಾಲಿನಿಂದ ಒಂದು ಗೇಣು ದೂರದಲ್ಲಿ ನಾಲ್ಕು ಮೊಟ್ಟೆ. ಗೂಡಿಲ್ಲ, ಹುಲ್ಲಿಲ್ಲ, ನೆಲದಲ್ಲಿ ಒಂದು ಸಣ್ಣ ತಗ್ಗು ಅಷ್ಟೇ. ನಾಲ್ಕೂ ಚೂಪು ತುದಿ ಒಳಮುಖ ಮಾಡಿ, ಹೂವಿನ ಎಸಳಿನ ಹಾಗೆ. ಮಾಸಲು ಕಂದು ಮೈ, ಮೇಲೆ ಕಪ್ಪು ಚಿಮುಕಿಸಿದ ಕಲೆ. ಎರಡು ತಿಂಗಳು ತಟ್ಟೆಯಲ್ಲಿ ಕಲಸಿ ಕಲಸಿ ನಾನು ಹುಡುಕಿದ್ದ ಬಣ್ಣ ಅದು. ಹಕ್ಕಿ ಅದನ್ನು ಮೊಟ್ಟೆಯ ಮೇಲೆ ಹಾಕಿಟ್ಟಿತ್ತು. ನಿಂತಲ್ಲೇ ಹಿಂದಕ್ಕೆ ಹೆಜ್ಜೆ ಇಟ್ಟು ವಾಪಸ್ ಬಂದೆ. ಆ ತಿಂಗಳು ನೀರಿನ ಅಂಚು ಮುಟ್ಟಲಿಲ್ಲ. ಕೆರೆಯಂಗಳ ಖಾಲಿ ಬಿದ್ದಿದೆ ಅಂತ ಯಾರಾದರೂ ಹೇಳಿದರೆ ಈಗ ನನಗೆ ಆ ನಾಲ್ಕು ಮೊಟ್ಟೆ ನೆನಪಾಗುತ್ತವೆ.

ಇತ್ತ ಭಾನುವಾರದ ಕೆಲಸ ನಡೆದೇ ಇತ್ತು. ಬೋರ್ಡಿನ ಅವಮಾನ ತೀರಿಸಿಕೊಳ್ಳೋಕೆ ನಾನೂ ಹುಡುಗರ ಜೊತೆ ನೀರಿಗಿಳಿಯುತ್ತಿದ್ದೆ. ಅಂತರಗಂಗೆ ನೋಡೋಕೆ ಹಗುರ, ಎಳೆದರೆ ಗೊತ್ತಾಗುತ್ತದೆ. ಬೇರಿನ ತುಂಬ ನೀರು, ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಹಗ್ಗ ಹಾಕಿ ಹತ್ತು ಜನ ಎಳೆದರೆ ಒಂದು ಚಾಪೆಯಷ್ಟು ಬರುತ್ತಿತ್ತು. ಮೂರು ಭಾನುವಾರ ಎಳೆದು ಏರಿಯ ಒಳಮೈ ಮೇಲೆ ರಾಶಿ ಹಾಕಿದೆವು. ಫೋಟೊ ತೆಗೆಸಿಕೊಂಡೆವು. ಮುಂದಿನ ವಾರ ಒಂದೇ ಒಂದು ಅಡ್ಡಮಳೆ ಬಂತು, ಅರ್ಧ ರಾಶಿ ಜಾರಿ ಕೆರೆಗೇ ಹೋಯಿತು. ಅಜ್ಜ ಏರಿಯ ಮೇಲೆ ಕೂತು ಬೀಡಿ ಸೇದುತ್ತಾ ಹೇಳಿದರು, "ಏರಿ ಆಚಿಗೆ ಹಾಕ್ರಪ್ಪ. ಕಸ ತೆಗೆದು ಅದರ ಮನಿ ಬಾಗಿಲಿಗೇ ಇಟ್ಟರೆ ಒಳಗೆ ಹೋಗದೆ ಏನು ಮಾಡೀತು?" ಮೊದಲೇ ಹೇಳಬಾರದಿತ್ತಾ ಅಂದರೆ, "ನೀವು ಕೇಳಲಿಲ್ಲ."

ಕಸ ಕಡಿಮೆಯಾದ ಮೇಲೆ ಇನ್ನೊಂದು ತಕರಾರು ಶುರುವಾಯಿತು. ಕೆರೆಯ ಸುತ್ತ ಕಲ್ಲು ಕಟ್ಟಿ ವಾಕಿಂಗ್ ದಾರಿ ಮಾಡೋಣ ಅಂತ ಊರಿನ ಕೆಲವರು. ಹುಡುಗರಲ್ಲೇ ಎರಡು ಗುಂಪು. ತಪ್ಪು ಅಂತ ಹೇಳೋದು ಸುಲಭವಲ್ಲ. ಹೆಂಗಸರಿಗೆ ಬೆಳಗ್ಗೆ ನಡೆಯೋಕೆ ಒಂದು ಜಾಗ ಬೇಕು, ಅದು ನನಗೂ ಗೊತ್ತು. ಆದರೆ ಕಲ್ಲು ಕಟ್ಟಿದರೆ ನಾನು ತಿಂಗಳುಗಟ್ಟಲೆ ನೋಡುತ್ತಿದ್ದ ಆ ಹಸಿ ಪಟ್ಟಿ ಇರುವುದಿಲ್ಲ. ನೀರು ನೇರವಾಗಿ ಕಲ್ಲಿಗೆ ತಾಗುತ್ತದೆ, ಪುಷ್ಕರಣಿಯ ಹಾಗೆ. ಉಲ್ಲಂಕಿ, ಕೊಕ್ಕರೆಗಳಿಗೆ ಬೇಕಾದದ್ದು ಕಾಲು ಮುಳುಗುವಷ್ಟೇ ನೀರು. ಹುಳ, ಕಪ್ಪೆ, ಸಣ್ಣ ಮೀನು ಎಲ್ಲ ಇರುವುದು ಆ ತೆಳು ನೀರಲ್ಲೇ.

ಭಾಷಣ ಮಾಡೋಕೆ ನನಗೆ ಬರುವುದಿಲ್ಲ. ಎರಡು ಚಿತ್ರ ಬರೆದು ಪಂಚಾಯಿತಿ ಕಟ್ಟೆಗೆ ಒಯ್ದೆ. ಒಂದೇ ಕೆರೆ, ಒಂದೇ ಜಾಗ. ಒಂದರಲ್ಲಿ ಇಳಿಜಾರು ದಡ, ಜೊಂಡು, ನಾವು ಅಲ್ಲಿ ಎಣಿಸಿದ್ದ ಹಕ್ಕಿಗಳು. ಇನ್ನೊಂದರಲ್ಲಿ ಕಲ್ಲಿನ ಕಟ್ಟೆ, ದಾರಿ, ಬೆಂಚು, ಅಚ್ಚುಕಟ್ಟಾದ ನೀರು. ಎರಡನೆಯದೇ ಚೆಂದ ಅಂದವರೂ ಇದ್ದರು. ಒಬ್ಬರಂತೂ ಅದನ್ನು ಮನೆಗೆ ಕೊಡ್ತೀರಾ ಅಂತ ಕೇಳಿದರು. ವಾದ ಎರಡು ತಾಸು ನಡೆಯಿತು, ಮಂಡಕ್ಕಿ ಮಿರ್ಚಿ ಬಂತು, ಚಹಾ ಬಂತು. ಕೊನೆಗೆ ಏರಿಯ ಕಡೆ ಮಾತ್ರ ದಾರಿ, ಹೊಲದ ಕಡೆ ದಡ ಹೇಗಿದೆಯೋ ಹಾಗೇ ಅಂತ ಒಪ್ಪಿಕೊಂಡರು. ಈವರೆಗೆ ದಾರಿಯೂ ಆಗಿಲ್ಲ, ಅದು ಬೇರೆ ಮಾತು.

ಆ ಮಳೆಗಾಲದಲ್ಲಿ ತವರಿಗೆ ಹೋದಾಗ ಚಂದ್ರವಳ್ಳಿಗೂ ಹೋಗಿ ಬಂದೆ. ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ ಇದೆ, ನಾಲ್ಕನೇ ಶತಮಾನದ್ದು. ಸ್ಕೂಲ್ ಟ್ರಿಪ್ಪಲ್ಲಿ ಎಷ್ಟೋ ಸಲ ನೋಡಿದ್ದೇ. ಪ್ರಾಕೃತದ ಆ ಚಿಕ್ಕ ಶಾಸನದಲ್ಲಿ ಅವನು ಗೆದ್ದವರ ಹೆಸರೆಲ್ಲ ಬರುತ್ತದೆ, ಪಲ್ಲವರು, ಪುನ್ನಾಟದವರು, ಇನ್ನೂ ಯಾರ್ಯಾರೋ. ಆದರೆ ಶಾಸನ ಹಾಕಿಸಿದ್ದು ಯುದ್ಧಕ್ಕಲ್ಲ, ಅಲ್ಲಿನ ಕೆರೆಯ ವಿಷಯಕ್ಕೆ. ಅಲ್ಲೂ ಕೂತು ಒಂದು ಅಂಚು ಬರೆದೆ. ಬಂಡೆ ನೇರ ನೀರಿಗಿಳಿಯುವ ಜಾಗ, ಬಂಡೆಯ ಮೇಲೆ ಹಿಂದಿನ ವರ್ಷಗಳ ನೀರಿನ ಗುರುತು ಒಂದರ ಕೆಳಗೊಂದು ಪಟ್ಟೆ ಪಟ್ಟೆಯಾಗಿ. ಪರವಾಗಿಲ್ಲ ಅನ್ನುವಷ್ಟು ಬಂದಿದೆ.

2024ರಲ್ಲಿ ಮಳೆ ಚೆನ್ನಾಗಿ ಆಯಿತು. ಸೂಳೆಕೆರೆಯ ನೀರು ತಿಂಗಳು ತಿಂಗಳು ನನ್ನ ಕಡೆಗೆ ನಡೆದು ಬಂತು. ಏರುವ ನೀರಿನ ಅಂಚು ಇಳಿಯುವ ನೀರಿನ ಹಾಗಿರುವುದಿಲ್ಲ ಅನ್ನೋದು ಆಗ ಗೊತ್ತಾಯಿತು. ಹಸಿ ಪಟ್ಟಿಯೇ ಇಲ್ಲ. ಬೇಸಿಗೆಯಲ್ಲಿ ಅಂಗಳದಲ್ಲಿ ಬೆಳೆದಿದ್ದ ಹುಲ್ಲು ನೀರೊಳಗೆ ನಿಂತಿರುತ್ತದೆ, ಅರ್ಧ ಹುಲ್ಲು, ಅರ್ಧ ಅದರ ನೆರಳು. ಎಲ್ಲಿಂದ ನೀರು ಅಂತ ಹೇಳೋಕೇ ಬರುವುದಿಲ್ಲ. ಅಂಥದ್ದಕ್ಕೆ ಒಣ ಬ್ರಷ್ ಬೇಕು, ಮೇಲಕ್ಕೊಂದು ಎಳೆತ, ಕೆಳಕ್ಕೊಂದು ಎಳೆತ.

ಕೊನೆಯ ಚಿತ್ರಕ್ಕೆ ಹೋದಾಗ ನನ್ನ ಕಲ್ಲು ಮುಳುಗಿತ್ತು. ಯಜಮಾನರ ಬದುವಿನ ಮೇಲೆ ಕೂರಬೇಕಾಯಿತು. ಅವರ ಅಡಿಕೆ ಗಿಡಗಳ ಸಾಲು ನೀರೊಳಗೆ ನಿಂತಿದ್ದವು. ಈ ಒಂದು ವರ್ಷದಲ್ಲಿ ಅವರು ನನಗೆ ಎಳನೀರು ಕೊಟ್ಟಿದ್ದಾರೆ, ಸ್ಕೂಟರ್ ಕಾದಿದ್ದಾರೆ, ಮಗಳ ಮದುವೆಗೆ ಕರೆದಿದ್ದಾರೆ. ಆ ಜಮೀನು ಅಪ್ಪನ ಕಾಲದಿಂದ ಮಾಡ್ತಾ ಬಂದದ್ದು ಅಂತ ಒಮ್ಮೆ ತಾವಾಗೇ ಹೇಳಿದ್ದರು. ಬಾಂದುಕಲ್ಲು ಎಲ್ಲಿದೆ ಅಂತ ನಾನು ಕೇಳಿದ್ದಕ್ಕೆ ಮಾತ್ರ ಎದ್ದುಹೋಗಿದ್ದರು.

ಈ ಸಲ ಅಡಿಕೆ ಗಿಡ ಬಿಟ್ಟು ಬರೆಯೋಕೆ ಸಾಧ್ಯವೇ ಇರಲಿಲ್ಲ. ಅಂಚು ಇದ್ದದ್ದೇ ಅವುಗಳ ನಡುವೆ. ಅವರು ಅತ್ತ ಎಲ್ಲೋ ಇದ್ದಾರೆ ಅಂತ ಬೇಗ ಬೇಗ ಬರೆದೆ. ಮುಗಿಸುವಷ್ಟರಲ್ಲಿ ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಾನು ಹಾಳೆ ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಂಡರೆ ಬಣ್ಣ ಅಳಿಸುತ್ತಿತ್ತು.

ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಬೆರಳನ್ನು ಹಾಳೆಗೆ ತಾಗಿಸದೆ, ಮೇಲಿಂದಲೇ ಆಡಿಸುತ್ತಾ ಎಣಿಸಿದರು.

"ನೀರಾಗೆ ನಾಲ್ಕು ಸಾಲು ಹಾಕೀರಿ."

"ಹೂಂ."

"ಐದು ಅದಾವೆ ಮೇಡಂ. ಅಗೋ ನೋಡ್ರಿ, ಆ ಕೊನೇದು."

ನೋಡಿದೆ. ನಿಜ, ಐದಿತ್ತು. ಬ್ರಷ್ ಮತ್ತೆ ಒದ್ದೆ ಮಾಡಿಕೊಂಡೆ.